ಮೂರನೆಯ ಪಾಯಿಂಟಿನ ತನಕ

ರೇಲೀನ್ ದಾಳ ಕೈಗೆತ್ತಿಕೊಂಡದ್ದನ್ನು ಕಂಡು ಡೆಲ್ಮಾರ್ ನೆಕೇಸ್ ಬಾಯಿಗಿಟ್ಟಿದ್ದ ಬಿಯರ್ ನುಂಗುವುದನ್ನೇ ಮರೆತ. ಇವಳು ದಾಳ ಎತ್ತುವುದೇ! ಬಿಲಾಕ್ಸಿಯ ಕಡಲ ದಂಡೆಯ ಈ ಕ್ಯಾಸಿನೊಗೆ ಬುಧವಾರ ಬಂತೆಂದರೆ ಗಂಡನ ಬೆನ್ನಿಗೆ ಬರುತ್ತಿದ್ದ ಹೆಂಗಸು. ಉದ್ದನೆ ಕೋಲಿನಿಂದ ದಾಳ ಸರಿಸುವ ಕ್ಯಾಸಿನೊ ಆಳು, ಆ ಕೋಲಿನವನು, ಸರದಿಯಂತೆ ದಾಳಗಳನ್ನು ಮುಂದೆ ತಳ್ಳಿದಾಗಲೆಲ್ಲ ಬೆರಳ ತುದಿಯನ್ನೂ ತಾಗಿಸದೆ "ಮುಂದಿನವರಿಗೆ" ಎನ್ನುತ್ತಿದ್ದವಳು. ಇವತ್ತು ಮುಂದಿಟ್ಟ ಐದು ದಾಳಗಳಲ್ಲಿ ಎರಡನ್ನು ಆರಿಸಿ, ದುಡ್ಡಿನ ಬದಲಿನ ಒಂದು ಬಿಲ್ಲೆಯನ್ನು ಮೇಜಿನ ಮೇಲೆ ಪಣಕ್ಕೆಂದು ಎಳೆದ ಗೆರೆಯ ಮೇಲಿಟ್ಟು, ಮೊಣಕೈ ತನಕ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಾಳೆ.

"ಏನ್ ಮಾಡ್ತಿದ್ದೀಯೇ?"

"ಕಾಣಲ್ವಾ? ಎಸೀತಿದ್ದೀನಿ." ಅವಳು ಅವನ ಕಡೆ ತಿರುಗಿದಳು. "ನನ್ನ ಮೇಲೆ ಕಟ್ಟು, ಡೆಲ್ಮಾರ್. ಮೊದಲನೇ ಎಸೆತಕ್ಕೇ ಕಟ್ಟು."

ಡೆಲ್ಮಾರ್ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಬೇಕಿತ್ತು? ಅವನ ನಿಯಮ ಆ ಮೇಜಿನ ಸುತ್ತ ಯಾರಿಗೆ ಗೊತ್ತಿಲ್ಲ! ಯಾರೇ ದಾಳ ಎಸೆಯಲಿ, ಅವರು ಒಂದು ಪಾಯಿಂಟ್ ಹೊಡೆದು ತೋರಿಸುವ ತನಕ ಡೆಲ್ಮಾರ್ ಒಂದು ಬಿಲ್ಲೆಯನ್ನೂ ಕದಲಿಸುವವನಲ್ಲ. ಪಾಯಿಂಟ್ ಅಂದರೆ ಇಷ್ಟೇ. ಮೊದಲ ಎಸೆತದಲ್ಲಿ ಬಿದ್ದ ಸಂಖ್ಯೆ, ಆರೋ ಎಂಟೋ ಒಂಬತ್ತೋ, ಅದೇ ಇನ್ನೊಮ್ಮೆ ಬೀಳಬೇಕು. ಅದಕ್ಕೆ ಮುಂಚೆ ಏಳು ಬಿದ್ದರೆ ಗೆರೆಯ ಮೇಲಿಟ್ಟವರದ್ದೆಲ್ಲ ಗುಡಿಸಿ ಗುಂಡಾಂತರ, ದಾಳ ಎಡಗಡೆಯವರಿಗೆ. ಆ ಏಳನ್ನು ಮೇಜಿನ ಬಳಿ ಯಾರೂ ಬಾಯಿಬಿಟ್ಟು ಹೆಸರಿಸುವುದಿಲ್ಲ. ಹೆಸರಿಸಿದವನನ್ನು ದುರುಗುಟ್ಟಿ ನೋಡಿಯೇ ಸಾಯಿಸುತ್ತಾರೆ.

"ನನ್ನ ನಿಯಮ ನಿನಗೆ ಗೊತ್ತಲ್ಲ," ಎಂದ ಡೆಲ್ಮಾರ್. "ಮೊದಲು ಒಂದು ಹೊಡಿ. ಆಮೇಲೆ ನೋಡೋಣ."

"ಆಮೇಲೆ ನೋಡೋಣ," ಎಂದು ರೇಲೀನ್ ಅವನ ಮಾತನ್ನೇ ತಿರುಗಿಸಿ ಹೇಳಿದಳು. ಅದರಲ್ಲಿ ನಗು ಇರಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೂ ಅವನು ಇದೇ ಮಾತು ಆಡಿದ್ದ.

ಬೆಳಗಿನ ಕತೆ ಇಷ್ಟು. ಊರ ಹಿಂದಿನ ಕೊಲ್ಲಿಯ ದೋಣಿಕಟ್ಟೆಯಲ್ಲಿ ಒಂದು ಊಟದಂಗಡಿ ಮುಚ್ಚಿ ಬಿದ್ದಿತ್ತು. ಅದರ ಯಜಮಾನಿ, ನಡೆಸುವವರು ಸಿಕ್ಕರೆ ಬಾಡಿಗೆಗೆ ಕೊಡುತ್ತೇನೆಂದು ಹೇಳಿ, ಮಗಳ ಮನೆಗೆಂದು ಮೊಬೀಲ್ ಊರಿಗೆ ಹೋಗಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕಿ ಹಾಕಿ ನಿವೃತ್ತಳಾದ ರೇಲೀನ್‌ಗೆ ಆ ಅಂಗಡಿಯ ಮೇಲೆ ಜೀವ. ಸೀಗಡಿ ದೋಣಿಯವರಿಗೆ ಬಿಸಿ ಗಂಬೊ ಸಾರು, ಕರಿದ ಸೀಗಡಿ ತುಂಬಿದ ಉದ್ದನೆ ಬ್ರೆಡ್ಡು. ಅವಳಿಗೆ ಬರದ ಅಡುಗೆಯೇ? ಅವಳು ಕೇಳಿದ್ದು ದುಡ್ಡಲ್ಲ. "ಮೊದಲನೇ ದಿನದಿಂದ ನನ್ನ ಪಕ್ಕ ನಿಂತ್ಕೋ. ಎಣ್ಣೆ ಬಾಣಲೆ ನೀನು ನೋಡ್ಕೋ," ಎಂದಿದ್ದಳು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ವೆಲ್ಡಿಂಗ್ ಮಾಡಿ ಬಿಡುವಾದ ಡೆಲ್ಮಾರ್‌ಗೆ ಬಾಣಲೆಯ ಬಿಸಿ ಏನು ಲೆಕ್ಕ! ಆದರೆ ಅವನು ಕಾಫಿ ಹೀರುತ್ತ, "ಒಂದು ಸೀಸನ್ ನೀನೇ ನಡೆಸು. ಓಡುತ್ತೆ ಅಂತ ಆದ್ರೆ ನಾನೂ ಬರ್ತೀನಿ. ಆಮೇಲೆ ನೋಡೋಣ," ಎಂದ.

"ಇವತ್ತು ಸಂಜೆ ಯಜಮಾನಿಗೆ ಉತ್ತರ ಕೊಡಬೇಕು," ಎಂದಿದ್ದಳು ರೇಲೀನ್. "ನೀನು ಬರಲ್ಲ ಅಂದ್ರೆ ನಾನು ಒಬ್ಬಳೇ ಹೋಗ್ತೀನಿ. ಅಂಗಡಿ ಮೇಲೆ ಒಂದು ಕೋಣೆ ಇದೆ, ಅಲ್ಲೇ ಇದ್ಬಿಡ್ತೀನಿ. ಈ ಮನೆಗೆ ವಾಪಸ್ ಬರಲ್ಲ."

ಡೆಲ್ಮಾರ್ ಅದನ್ನು ಮಾತಿಗೆ ಬಂದ ಮಾತು ಎಂದುಕೊಂಡ. ಹೆಂಡತಿ ಮನೆ ಬಿಟ್ಟು ಹೋಗುತ್ತೇನೆ ಅಂದರೆ ಯಾವ ಗಂಡ ತಾನೇ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ? ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡ.

ಈಗ ಮೇಜಿನ ಬಳಿ ರೇಲೀನ್ ತೋಳು ಬೀಸಿದಳು. ದಾಳಗಳು ಎದುರು ಗೋಡೆಗೆ ಬಡಿದು ಹಿಂದಕ್ಕೆ ಉರುಳಿದವು. ಎಂಟು.

"ಎಂಟು! ಪಾಯಿಂಟ್ ಎಂಟು!" ಎಂದು ಕೋಲಿನವನು ಕೂಗಿದ.

ಡೆಲ್ಮಾರ್‌ನ ತಾಯಿ ಯೂಲಾ ಮೇಜಿನ ತುದಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಕುತ್ತಿಗೆಯಲ್ಲಿ ಮೇರಿಯಮ್ಮನ ಪದಕ, ಮಡಿಲಲ್ಲಿ ದಿಂಬಿನಷ್ಟು ದೊಡ್ಡ ಕೈಚೀಲ. ಸೊಸೆ ದಾಳ ಎತ್ತಿದ ಕೂಡಲೇ ಅವಳು ಐದು ಡಾಲರಿನ ಬಿಲ್ಲೆ ಇಟ್ಟಾಗಿತ್ತು. ಪಕ್ಕದಲ್ಲಿದ್ದ ಕ್ಲೋವಿಸ್, ಹಿಂದೊಮ್ಮೆ ಸೀಗಡಿ ದೋಣಿ ಓಡಿಸುತ್ತಿದ್ದವನು, ತಾನೂ ಇಟ್ಟ.

"ಡೆಲ್ಮಾರ್, ಸ್ವಂತ ಹೆಂಡ್ತಿಗೂ ಪರೀಕ್ಷೆ ಇಟ್ಟಿದ್ದೀಯೇನಪ್ಪ? ಮದುವೆ ದಿನ ಚರ್ಚಿನ ಬಾಗಿಲಲ್ಲೂ ಕಾಯ್ತಾ ನಿಂತಿದ್ದೆಯಾ, ಪಾದ್ರಿ ಮೊದಲು ಬೇರೆಯವರಿಗೆ ಮದುವೆ ಮಾಡಿ ತೋರಿಸಲಿ ಅಂತ?" ಎಂದ ಕ್ಲೋವಿಸ್. ಸುತ್ತ ನಿಂತವರು ಗೊಳ್ಳೆಂದರು.

"ನಗ್ರಿ, ನಗ್ರಿ. ವರ್ಷದ ಕೊನೇಲಿ ನೀನು ಎಷ್ಟು ಕಳಕೊಂಡಿರ್ತೀಯ, ನಾನು ಎಷ್ಟು ಕಳಕೊಂಡಿರ್ತೀನಿ, ಅದನ್ನ ಹೇಳು ಕ್ಲೋವಿಸ್. ಕಾಯೋದ್ರಲ್ಲಿ ಲಾಭ ಇಲ್ದೆ ಕಾಯ್ತೀನಾ? ಕೈ ಬಿಸಿ ಇದ್ದವನ ಮೇಲೆ, ಎಸೆದಿದ್ದೆಲ್ಲ ಬೀಳ್ತಿರೋನ ಮೇಲೆ ಕಟ್ಟಿದ್ರೆ ಗೆಲ್ತೀವಿ. ಯಾರ ಕೈ ಬಿಸಿ ಅಂತ ಕಾದು ನೋಡಿದವನಿಗೆ ತಾನೇ ಗೊತ್ತಾಗೋದು!"

"ದಾಳಕ್ಕೇನೋ ಗೊತ್ತು, ಹಿಂದೆ ಏನು ಬಿತ್ತು ಅಂತ?" ಎಂದಳು ಯೂಲಾ ಸ್ಟೂಲಿನಿಂದಲೇ. "ನೀನು ಕಮ್ಮಿ ಕಳಕೊಂಡಿದ್ದು ಕಾದಿದ್ದಕ್ಕಲ್ಲ ಕಣೋ, ಆಡದೆ ನಿಂತಿದ್ದಕ್ಕೆ. ಮನೇಲಿ ಹೊದ್ದು ಮಲಗಿದ್ದಿದ್ರೆ ಇನ್ನೂ ಕಮ್ಮಿ ಕಳಕೊಳ್ತಿದ್ದೆ."

ಈ ಸಲದ ನಗು ಪಕ್ಕದ ಮೇಜಿನ ತನಕ ಹೋಯಿತು. ಡೆಲ್ಮಾರ್‌ನ ಕಿವಿ ಕೆಂಪಾದವು. ಹೆತ್ತ ತಾಯಿಯೇ ನಾಲ್ಕು ಜನರೆದುರು ಹೀಗೆ ಮರ್ಯಾದೆ ತೆಗೆದರೆ? ಅವನು ಇನ್ನಷ್ಟು ಬಿಗಿಯಾಗಿ ಕೈಕಟ್ಟಿ ನಿಂತ.

ರೇಲೀನ್ ಯಾರ ಮಾತಿಗೂ ಕಿವಿಗೊಡಲಿಲ್ಲ. ಎಸೆದಳು, ಐದು. ಎಸೆದಳು, ಹತ್ತು. ಮತ್ತೆ ಎಸೆದಳು. ಒಂದು ದಾಳ ಐದರ ಮೇಲೆ ನಿಂತಿತು, ಇನ್ನೊಂದು ಬುಗುರಿಯ ಹಾಗೆ ತಿರುಗಿ ತಿರುಗಿ ಮೂರರ ಮೇಲೆ ಮಲಗಿತು. ಎಂಟು!

ಮೇಜು ಹೋ ಎಂದಿತು. ಯೂಲಾ ಪದಕಕ್ಕೆ ಮುತ್ತಿಟ್ಟಳು. ಗುರುತು ಪರಿಚಯವಿಲ್ಲದ ಜನ "ಭಲೇ ತಾಯಿ!" ಎಂದು ರೇಲೀನ್‌ಳ ಬೆನ್ನು ತಟ್ಟಿದರು. ಕೋಲಿನವನು ದಾಳಗಳನ್ನು ಮರಳಿ ಅವಳ ಮುಂದೆ ತಂದ. ಅವಳು ಅವನ್ನು ಎತ್ತದೆ ಗಂಡನ ಕಡೆ ನೋಡಿದಳು. ಒಂದು ಹೊಡೆದಾಯಿತಲ್ಲ, ನಿನ್ನ ನಿಯಮ ಮುಗಿಯಿತಲ್ಲ ಎನ್ನುವ ಹಾಗೆ.

ಡೆಲ್ಮಾರ್‌ನ ಕೈ ತನ್ನ ಬಿಲ್ಲೆಗಳ ಕಡೆ ಹೋದದ್ದು ನಿಜ. ಸುಳ್ಳೇಕೆ ಹೇಳಬೇಕು, ಹೋಯಿತು. ಆದರೆ ಅರ್ಧದಲ್ಲೇ ನಿಂತಿತು. ಇವಳು ರೇಲೀನ್. ಗ್ಯಾಸಿನ ಗುಂಡಿ ಆರಿಸಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ಗಾಡಿ ತಿರುಗಿಸುವ ರೇಲೀನ್. ಇವಳ ಕೈ ಬಿಸಿಯಂತೆ!

"ಹೊಸ ಕೈ ಅದು," ಎಂದ ಅವನು. "ಮೊದಲನೇ ಸಲ ಎಸೆದೋರಿಗೆಲ್ಲ ಒಂದು ಬೀಳುತ್ತೆ. ಅದನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಇನ್ನೊಂದು ಹೊಡಿ."

ರೇಲೀನ್‌ಳ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಕ್ಲೋವಿಸ್, "ಅಲ್ವೋ, ಈಗ ಸ್ವಲ್ಪ ಹೊತ್ತಿನ ಹಿಂದೆ ಆ ಟೆಕ್ಸಸ್‌ನವನು ಒಂದು ಹೊಡೆದಿದ್ದಕ್ಕೇ ಕಟ್ಟಿದೆಯಲ್ಲೋ! ಅವನ ಹೆಸರೂ ನಿನಗೆ ಗೊತ್ತಿರಲಿಲ್ಲ!" ಎಂದ.

"ಅವನ ವಿಷಯ ಬೇರೆ."

"ಏನು ಬೇರೆ? ಅವನ ಟೋಪಿ ದೊಡ್ಡದಿತ್ತು, ಅಷ್ಟೇ ತಾನೇ?"

ರೇಲೀನ್ ಎಸೆದಳು. ಆರು ಬಿತ್ತು. ಅದರ ಹಿಂದೆಯೇ, ಯಾರೂ ಉಸಿರು ತೆಗೆದುಕೊಳ್ಳುವ ಮುಂಚೆ, ಇನ್ನೊಂದು ಆರು. ಎರಡನೆಯ ಪಾಯಿಂಟ್. ಸುತ್ತ ಜನ ಮುಕುರಿಕೊಂಡರು. ಬೇರೆ ಮೇಜುಗಳಿಂದ ಎದ್ದು ಬಂದವರು ಹೆಗಲ ಸಂದಿಯಲ್ಲಿ ಕೈ ತೂರಿಸಿ ಬಿಲ್ಲೆ ಇಡತೊಡಗಿದರು. ಯೂಲಾ ಗೆದ್ದದ್ದನ್ನೆಲ್ಲ ಅಲ್ಲೇ ಗೆರೆಯ ಮೇಲೆ ಬಿಟ್ಟಳು.

"ಈಗಾದ್ರೂ ಹಾಕೋ ಮಗನೇ," ಎಂದಳು. "ಅವಳು ನಿನ್ನನ್ನೇ ನೋಡ್ತಿದ್ದಾಳೆ."

ಡೆಲ್ಮಾರ್‌ಗೂ ಅದು ಕಾಣುತ್ತಿತ್ತು. ಆದರೆ ಈಗ ಹಾಕಿದರೆ ಒಂದಕ್ಕೇ ಯಾಕೆ ಹಾಕಲಿಲ್ಲ ಎಂದು ಕ್ಲೋವಿಸ್ ಜನ್ಮಪೂರ್ತಿ ಆಡಿಕೊಳ್ಳುತ್ತಾನೆ. ಅಲ್ಲದೆ ಎರಡು ಬಿದ್ದ ಮೇಲೆ ಮೂರನೆಯದು ಬೀಳುತ್ತದೆಂದು ಏನು ಗ್ಯಾರಂಟಿ? ನೋಡಿ ಇವನ ಬುದ್ಧಿ ಎಲ್ಲಿಗೆ ಬಂತು! ಹೊಡೆಯದಿದ್ದರೆ ಹೊಡೆದಿಲ್ಲ ಎಂದು ಕಾಯುವುದು, ಹೊಡೆದರೆ ಇನ್ನೆಷ್ಟು ಹೊಡೆದಾಳು ಎಂದು ಕಾಯುವುದು. ಅವನು ಗಂಟಲು ಸರಿಮಾಡಿಕೊಂಡು, "ಇನ್ನೊಂದೇ ಒಂದು," ಎಂದ.

"ಇನ್ನೊಂದು," ಎಂದಳು ರೇಲೀನ್ ಮೆಲ್ಲಗೆ. ಈ ಸಲ ಅವನನ್ನು ನೋಡಲಿಲ್ಲ.

ಮೂರನೆಯದು ಒಂಬತ್ತು. ಬೇಗ ಬರಲಿಲ್ಲ. ನಾಲ್ಕು ಬಿತ್ತು, ಹನ್ನೊಂದು ಬಿತ್ತು, ಮತ್ತೆ ನಾಲ್ಕು. ಒಮ್ಮೆ ಒಂದು ದಾಳ ಮೇಜಿನ ಆಚೆಗೆ ಹಾರಿ, ಅದನ್ನು ಎತ್ತಿ ತಂದು, ತಿರುಗಿಸಿ ಮುರುಗಿಸಿ ನೋಡಿ ಕೊಟ್ಟರು. ಕೆಳಗೆ ಬಿದ್ದ ದಾಳದ ಮೇಲೆ ಯಾರಿಗೂ ನಂಬಿಕೆಯಿಲ್ಲ. ಈಗ ಆ ಹೆಸರೆತ್ತಬಾರದ ಸಂಖ್ಯೆಯೇ ಗ್ಯಾರಂಟಿ ಎಂದು ಡೆಲ್ಮಾರ್ ಒಳಗೊಳಗೇ ಅಂದುಕೊಂಡ. ಅಂದುಕೊಂಡದ್ದಷ್ಟೇ ಅಲ್ಲ, ಎದೆಯ ಯಾವುದೋ ಮೂಲೆಯಲ್ಲಿ ಅದು ಬೀಳಲಿ ಎಂದು ಬೇಡಿಕೊಂಡ. ತನ್ನ ನಿಯಮ ಗೆಲ್ಲಲಿ ಅಂತ. ಹೆಂಡತಿ ಸೋಲಲಿ ಎಂದು ಬೇಡಿಕೊಂಡೆನೇ ಎಂದು ಮರುಕ್ಷಣ ಅವನಿಗೇ ಮೈ ಜುಮ್ಮೆಂದಿತು.

ಒಂಬತ್ತು ಬಿತ್ತು.

ಆ ಗದ್ದಲ ಕೇಳಬೇಕಿತ್ತು! ಕ್ಲೋವಿಸ್ ಟೋಪಿ ತೆಗೆದು ಗಾಳಿಗೆ ಎಸೆದ. ಯಾರೋ ಯೂಲಾಳನ್ನೇ ತಬ್ಬಿಕೊಂಡರು. ಡೆಲ್ಮಾರ್‌ಗೂ ತಡೆಯಲಾಗಲಿಲ್ಲ. ಇನ್ನು ಅನುಮಾನವೇ ಇಲ್ಲ, ಇದು ಬಿಸಿ ಕೈ, ಇಂಥ ಕೈಗಾಗಿಯೇ ಅಲ್ಲವೇ ತಾನು ಇಷ್ಟು ವರ್ಷ ಕಾದು ನಿಂತದ್ದು! ಅಂಚಿನಲ್ಲಿ ಸಾಲಾಗಿದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ, ಒಂದನ್ನೂ ಉಳಿಸದೆ, ಗೆರೆಯ ಮೇಲೆ ಗೋಪುರದಂತೆ ಪೇರಿಸಿಟ್ಟ.

"ತಗೋ!" ಎಂದ ಹಲ್ಲು ಕಿರಿಯುತ್ತ. "ಎಲ್ಲಾ ನಿನ್ನ ಮೇಲೇನೇ, ರೇಲೀನ್! ಎಸಿ!"

ರೇಲೀನ್ ಆ ರಾಶಿಯನ್ನು ನೋಡಿದಳು. ದಾಳಗಳು ಅವಳ ಮುಂದಿದ್ದವು. ಮೇಜಿನ ಸುತ್ತ ಇದ್ದವರೆಲ್ಲ ಬಾಗಿ ನಿಂತಿದ್ದರು.

"ಟೆಕ್ಸಸ್‌ನವನಿಗೆ ಒಂದು ಸಾಕಾಗಿತ್ತು," ಎಂದಳು. "ನನಗೆ ಮೂರು ಬೇಕಾಯ್ತಾ, ಡೆಲ್ಮಾರ್?"

"ಅಯ್ಯೋ, ಅದೆಲ್ಲ ಈಗ್ಯಾಕೆ? ಹಾಕಿದ್ದೀನಲ್ಲ!"

ಅವಳು ತನ್ನ ಬಿಲ್ಲೆಗಳನ್ನು ಗೆರೆಯಿಂದ ಎತ್ತಿಕೊಂಡಳು. ಆಮೇಲೆ ಹೆಬ್ಬೆರಳಿಗಿಂತ ದೊಡ್ಡದಲ್ಲದ ಆ ಎರಡು ಕೆಂಪು ದಾಳಗಳನ್ನು ಕೈಯ ಅಂಚಿನಿಂದ ಕೋಲಿನವನ ಕಡೆ ತಳ್ಳಿದಳು.

"ಮುಂದಿನವರಿಗೆ."

ಕೋಲಿನವನ ಕೋಲು ಮೇಲೇ ನಿಂತುಬಿಟ್ಟಿತು. ಇಂಥದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಕೈ ಬಿಸಿಯಿದ್ದಾಗ ಜನ ಮೂತ್ರಕ್ಕೂ ಹೋಗುವುದಿಲ್ಲ, ಫೋನು ಹೊಡೆದುಕೊಂಡರೆ ಎತ್ತುವುದಿಲ್ಲ, ಮೈಮೇಲೆ ಯಾರಾದರೂ ಬಿಯರ್ ಚೆಲ್ಲಿದರೂ ಒರೆಸಿಕೊಳ್ಳುವುದಿಲ್ಲ. ಮೂರು ಪಾಯಿಂಟ್ ಹೊಡೆದ ಹೆಂಗಸು ತಾನಾಗಿ ದಾಳ ಬಿಟ್ಟುಕೊಡುವುದೇ? ಒಬ್ಬ "ತಾಯಿ, ನಿಮ್ಮ ದಮ್ಮಯ್ಯ, ಇನ್ನೊಂದೇ ಒಂದು!" ಎಂದು ಕೈಮುಗಿದ. ರೇಲೀನ್ ಚೀಲ ಹೆಗಲಿಗೆ ಹಾಕಿಕೊಂಡು, ಜನರನ್ನು ಸರಿಸಿಕೊಂಡು, ಬಾಗಿಲ ಕಡೆ ನಡೆದೇಬಿಟ್ಟಳು.

ಅಷ್ಟರಲ್ಲಿ ಕೋಲಿನವನು ದಾಳಗಳನ್ನು ಡೆಲ್ಮಾರ್‌ನ ಮುಂದೆಯೇ ತಳ್ಳಿದ. ರೇಲೀನ್‌ಳ ಎಡಕ್ಕೆ ನಿಂತಿದ್ದವನು ಅವನೇ ತಾನೆ.

"ದಾಳ ನಿಮ್ಮದು, ಸರ್. ಎಸೀತೀರಾ?"

ಎಸೆಯುವುದೇ? ಅವನೂ ಎಂದೂ ಎಸೆದವನಲ್ಲ. ಪಾಯಿಂಟ್ ಹೊಡೆದು ತೋರಿಸದವನ ಮೇಲೆ ಕಟ್ಟಬಾರದೆಂದು ನಿಯಮ ಮಾಡಿಕೊಂಡವನು ತನ್ನ ಮೇಲೆ ತಾನೇ ಕಟ್ಟುವುದು ಹೇಗೆ? ಅವನು ದಾಳಗಳನ್ನೇ ದಿಟ್ಟಿಸುತ್ತಿದ್ದ ಹಾಗೆ ಎದುರುಗಡೆಯಿಂದ ಒಂದು ಕೈ ಬಂದು ಗೆರೆಯ ಮೇಲಿದ್ದ ತನ್ನ ಬಿಲ್ಲೆ ಎತ್ತಿಕೊಂಡಿತು. ಇನ್ನೊಂದು ಕೈ. ಮತ್ತೊಂದು. ನೋಡನೋಡುತ್ತಿದ್ದಂತೆ ಆ ಬದಿ ಖಾಲಿಯಾಯಿತು. ಕ್ಲೋವಿಸ್ ಕೂಡ ತನ್ನದನ್ನು ಎಳೆದುಕೊಂಡ.

"ತಪ್ಪು ತಿಳ್ಕೋಬೇಡಪ್ಪ," ಎಂದ ಕ್ಲೋವಿಸ್. ಈ ಸಲ ತಮಾಷೆಗಲ್ಲ. "ನಿನ್ನ ಕೈ ನಾವ್ಯಾರೂ ನೋಡಿಲ್ಲ. ಒಂದು ಹೊಡಿ, ಆಮೇಲೆ ಹಾಕ್ತೀವಿ."

ಮುಖಕ್ಕೆ ಯಾರೋ ಹಿಂಗೈಯಲ್ಲಿ ಬಾರಿಸಿದ ಹಾಗಾಯಿತು ಡೆಲ್ಮಾರ್‌ಗೆ. ಅವನೇ ನೂರಾರು ಜನರಿಗೆ ಮಾಡಿದ್ದನ್ನು ಅವನಿಗೆ ಮಾಡಿದ್ದರು, ಅಷ್ಟೇ. ಇದು ಇಷ್ಟು ಉರಿಯುತ್ತದೆಂದು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಗುರುತಿನವರು ಮಾಡಿದರೇ ಹೀಗೆ ಉರಿಯುವುದಾದರೆ, ಕಟ್ಟಿಕೊಂಡ ಗಂಡ ಮಾಡಿದರೆ? ಅದೂ ಮೂರು ಸಲ?

ತಾಯಿಯ ಬಿಲ್ಲೆಗಳಾದರೂ ಇವೆಯೇ ಎಂದು ತಿರುಗಿದ. ಯೂಲಾ ಅವನ್ನು ಒಂದೊಂದಾಗಿ ಕೈಚೀಲಕ್ಕೆ ಹಾಕಿ, ಸ್ಟೂಲಿನಿಂದ ಮೆಲ್ಲಗೆ ಇಳಿಯುತ್ತಿದ್ದಳು.

"ಅಮ್ಮಾ, ನೀನೂನಾ?"

"ನಾನು ಹೋಗಬೇಕಪ್ಪ. ಅವಳು ಹೊರಗೆ ನನಗೋಸ್ಕರ ಗಾಡಿ ನಿಲ್ಲಿಸಿರ್ತಾಳೆ."

"ಮನೆಗೆ ನಾನೇ ಕರ್ಕೊಂಡು ಹೋಗ್ತೀನಲ್ಲಮ್ಮ!"

"ಮನೆಗಲ್ಲ ಕಣೋ. ದೋಣಿಕಟ್ಟೆಗೆ. ಅಂಗಡಿ ಮೇಲಿನ ಕೋಣೇಲಿ ಎರಡು ಮಂಚ ಹಿಡಿಯುತ್ತಂತೆ. ಕೂತಲ್ಲೇ ಕೂತು ಸೀಗಡಿ ಸುಲಿಯೋಕೆ ನನಗಿನ್ನೂ ಬರುತ್ತೆ."

ಡೆಲ್ಮಾರ್ ತಾಯಿಯ ಕೈಚೀಲ ಹಿಡಿದು ನಿಲ್ಲಿಸಿದ. "ನೀನು ಯಾವಾಗ ನಿಶ್ಚಯ ಮಾಡಿದೆ ಇದನ್ನ?"

"ಬೆಳಿಗ್ಗೆ. ನೀನು ಎರಡನೇ ಕಾಫಿ ಬಗ್ಗಿಸ್ಕೊಳ್ತಿದ್ಯಲ್ಲ, ಆವಾಗ." ಯೂಲಾ ಮಗನ ಕೆನ್ನೆ ಸವರಿದಳು. "ಇಲ್ಲಿಗೆ ಬಂದಮೇಲೂ ನಿನಗೆ ಇನ್ನೊಂದು ಅವಕಾಶ ಕೊಡ್ತೀನಿ ಅಂದ್ಳು ಪಾಪದ ಹುಡುಗಿ. ಕೊಟ್ಳು. ಮೂರು ಸಲ ಕೊಟ್ಳು."

ಮುದುಕಿ ಹೊರಟಳು. ಅವಳು ಬಾಗಿಲು ದಾಟುವ ತನಕ ನೋಡುತ್ತಲೇ ಇದ್ದ ಡೆಲ್ಮಾರ್ ಆಮೇಲೆ ದಾಳಗಳನ್ನು ಮುಂದಕ್ಕೆ ತಳ್ಳಿ, ಗೆರೆಯ ಮೇಲಿದ್ದ ಗೋಪುರವನ್ನು ಹಾಗೆಯೇ ಬಿಟ್ಟು ಓಡಿದ. "ಸರ್, ನಿಮ್ಮ ಬಿಲ್ಲೆ!" ಎಂದು ಹಿಂದಿನಿಂದ ಕೂಗಿದರು. ಅವನು ತಿರುಗಿ ನೋಡಲಿಲ್ಲ. ಮುಂದೆ ದಾಳ ಎಸೆಯುವವರು ಯಾರು, ಅವರ ಕೈ ಎಂಥದ್ದು, ಏನೂ ಗೊತ್ತಿಲ್ಲದೆ ಅವನು ದುಡ್ಡು ಬಿಟ್ಟದ್ದು ಬಾಳಿನಲ್ಲಿ ಅದೇ ಮೊದಲು. ಅದು ಅವನ ತಲೆಗೂ ಹೊಳೆಯಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚಿತು. ಕಡಲ ಕಡೆಯಿಂದ ಬಿಸಿಗಾಳಿ. ಬಾಗಿಲ ಮುಂದೆಯೇ ಟ್ರಕ್ ನಿಂತಿತ್ತು. ಸ್ಟಿಯರಿಂಗ್ ಹಿಡಿದು ಕೂತವಳು ರೇಲೀನ್. ಯೂಲಾ ಆಚೆ ಬದಿಯಿಂದ ಹತ್ತಿ ಕೂತು ಬೆಲ್ಟು ಹುಡುಕುತ್ತಿದ್ದಳು. ಡೆಲ್ಮಾರ್ ಏದುಸಿರು ಬಿಡುತ್ತ ಕಿಟಕಿ ಬಡಿದ. ಗಾಜು ಇಳಿಯಿತು.

"ಬರ್ತೀನಿ! ನಾನೂ ಬರ್ತೀನಿ, ರೇಲೀನ್. ಮೊದಲನೇ ದಿನದಿಂದಲೇ. ನಾಳೇನೇ ಬಾಣಲೆ ಹತ್ರ ನಿಲ್ತೀನಿ, ನೀನು ಹೇಳಿದ ಹಾಗೆ!"

ರೇಲೀನ್ ಅವನ ಕಡೆ ತಿರುಗಿದಳು. ಅತ್ತಿದ್ದಳು ಎನ್ನುವುದು ಕಣ್ಣಿನಲ್ಲೇ ಕಾಣುತ್ತಿತ್ತು.

"ಯಾಕೆ?" ಎಂದಳು.

"ಯಾಕೆ ಅಂದ್ರೆ? ನೀನೇ ಕೇಳಿದ್ದಲ್ವಾ!"

"ಕೇಳಿದ್ದು ಬೆಳಿಗ್ಗೆ. ಬೆಳಿಗ್ಗೆ ಬರಲ್ಲ ಅಂದವನು ಈಗ ಬರ್ತೀನಿ ಅಂತೀಯ. ನಡುವೆ ಏನಾಯ್ತು, ಡೆಲ್ಮಾರ್?"

ನಡುವೆ ಏನಾಯಿತು? ಅವಳು ಎಂಟು ಹೊಡೆದಳು, ಆರು ಹೊಡೆದಳು, ಒಂಬತ್ತು ಹೊಡೆದಳು. ತಡಕಾಡಿ ನೋಡಿದ, ಬೇರೆ ಯಾವ ಉತ್ತರವೂ ಕೈಗೆ ಸಿಗಲಿಲ್ಲ. ಪ್ರೀತಿ ಇದೆ ಎನ್ನೋಣವೆಂದರೆ ಅದು ಬೆಳಿಗ್ಗೆಯೂ ಇತ್ತು. ಇದ್ದೂ ಬರಲ್ಲ ಎಂದಿದ್ದ.

"ನಾನು ನಿನ್ನ ಕೈಹಿಡಿದಾಗ ನಿಮ್ಮಪ್ಪನ ದೋಣಿ ಮುಳುಗಿತ್ತು," ಎಂದಳು ರೇಲೀನ್. "ಹಡಗು ಕಾರ್ಖಾನೆಯವರು ನಿನ್ನನ್ನ ಎರಡು ಸಲ ಬಾಗಿಲಿಂದಲೇ ವಾಪಸ್ ಕಳಿಸಿದ್ರು. ಹಾಕ್ಕೊಳ್ಳೋಕೆ ನಿನಗೆ ಒಂದು ಕೋಟೂ ಇರಲಿಲ್ಲ. ನೀನು ಯಾವ ಪಾಯಿಂಟ್ ಹೊಡೆದು ತೋರಿಸಿದ್ದೆ ಅಂತ ನಾನು ನಿನ್ನ ಮೇಲೆ ಕಟ್ಟಿದೆ, ಹೇಳು?"

ಡೆಲ್ಮಾರ್ ಕಿಟಕಿಯ ಅಂಚು ಹಿಡಿದುಕೊಂಡ. "ಹಾಗಾದ್ರೆ ನಾನೀಗ ಏನು ಮಾಡ್ಲಿ? ಏನು ಮಾಡಿದ್ರೆ ನೀನು ನಂಬ್ತೀಯ?"

"ಅದೇ ನೋಡು. ಇನ್ನು ಏನು ಮಾಡಿದ್ರೂ ಅದು ನಾನು ಗೆದ್ದಮೇಲೆ ಬಂದಿದ್ದೇ ಆಗುತ್ತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಎದೆಯ ಮೇಲೆ ಕೈಯಿಟ್ಟು ನೆಮ್ಮದಿಯಾಗಿರುತ್ತಿದ್ದ. ಅವಳು ಗೇರ್ ಹಾಕಿದಳು. "ಅಂಗಡಿ ಸೋಮವಾರ ತೆಗೀತೀವಿ. ಊಟಕ್ಕೆ ಬಾ, ಡೆಲ್ಮಾರ್. ಎಲ್ಲರೂ ಬರ್ತಾರೆ."

ಟ್ರಕ್ ಹೊರಟಿತು. ಅವನು ಅದರ ಜೊತೆಗೇ ಸ್ವಲ್ಪ ದೂರ ನಡೆದ, ಕಿಟಕಿಯ ಅಂಚು ಹಿಡಿದುಕೊಂಡು. ಹೆದ್ದಾರಿಯ ಹತ್ತಿರ ಅದು ವೇಗ ಹೆಚ್ಚಿಸಿದಾಗ ಕೈ ಬಿಡಲೇಬೇಕಾಯಿತು. ಯೂಲಾ ಒಮ್ಮೆ ತಿರುಗಿ ನೋಡಿದಳು. ರೇಲೀನ್ ನೋಡಲಿಲ್ಲ, ಎಡಕ್ಕೆ ದೀಪ ಹಾಕಿ, ಗಾಡಿಗಳು ಬರುತ್ತಿವೆಯೇ ಎಂದು ಎರಡೂ ಕಡೆ ಕತ್ತು ತಿರುಗಿಸಿ, ಕೊಲ್ಲಿಯ ರಸ್ತೆಗೆ ಹೊರಳಿಕೊಂಡಳು.